ಸವಳಂಗಕ್ಕೊಂದು ಹೂವಿನ ಪಂದ್ಯ ಬೇಕು

ಶಿವಮೊಗ್ಗದವರಿಗೆ ಸವಳಂಗ ಎಂದರೆ ಮೊದಲು ಒಂದು ರಸ್ತೆ, ಆಮೇಲೆ ಊರು. ನವುಲೆಯ ಕೃಷಿ ಕಾಲೇಜಿನಿಂದ ಹಿಡಿದು ಹೊಸ ಬಡಾವಣೆಗಳ ಅಂಗಡಿಗಳವರೆಗೆ ಎಷ್ಟೋ ಫಲಕಗಳ ಮೇಲೆ ‘ಸವಳಂಗ ರಸ್ತೆ’ ಎಂದಿರುತ್ತದೆ. ಆ ರಸ್ತೆ ಹೋಗಿ ಮುಟ್ಟುವ ಊರಿನಲ್ಲಿ ಇಳಿಯುವ ಹೊರಗಿನವರು ಬಹುಪಾಲು ಬಸ್ಸು ಬದಲಾಯಿಸುವವರು: ಒಂದು ಕಡೆ ಶಿಕಾರಿಪುರ, ಇನ್ನೊಂದು ಕಡೆ ನ್ಯಾಮತಿ, ಹೊನ್ನಾಳಿ. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗದ ಕೈ ಬಿಟ್ಟು ಅಲ್ಲಿಗೆ ಸೇರಿದವು. ಜಗಳೂರು ಚಿತ್ರದುರ್ಗದಿಂದ ಬಂತು. ಮುಂದೆ ಹೊನ್ನಾಳಿಯನ್ನು ಒಡೆದು ನ್ಯಾಮತಿ ತಾಲ್ಲೂಕು ಮಾಡಿದಾಗ ಸವಳಂಗ ಅದರ ಪಾಲಾಯಿತು. ಕಾಗದದ ಮೇಲೆ ಇದು ಬಯಲುಸೀಮೆಯ ಜಿಲ್ಲೆ. ಮಣ್ಣು, ಮಳೆ, ಅಡಿಕೆ ತೋಟದ ಲೆಕ್ಕದಲ್ಲಿ ಅರೆ ಮಲೆನಾಡು.

ಈ ಇಬ್ಬಗೆಯ ಗುಣ ಹಿತ್ತಿಲುಗಳಲ್ಲಿ ಚೆನ್ನಾಗಿ ಕಾಣುತ್ತದೆ. ಸಾಗರ, ತೀರ್ಥಹಳ್ಳಿ ಕಡೆಯ ನೆಂಟಸ್ತಿಕೆಯಲ್ಲಿ ಬಂದ ಡೇರೆ ಹೂವಿನ ಗೆಡ್ಡೆ ಮಳೆ ಹಿಡಿದ ಕೂಡಲೇ ಕಣ್ಣು ಬಿಡುತ್ತದೆ. ಮೂಡಣ ಬಯಲಿನ ಸೇವಂತಿಗೆ, ಚೆಂಡು ಹೂ, ಕನಕಾಂಬರ ಅದರ ಪಕ್ಕದಲ್ಲೇ ಮಡಿ ಹಿಡಿದಿರುತ್ತವೆ. ಚೌತಿಯ ಆಸುಪಾಸಿನಲ್ಲಿ ಡೇರೆ ತಟ್ಟೆಯಗಲ ಅರಳಿದರೆ ಬೇಲಿಯಾಚೆಯಿಂದ ಪ್ರಶ್ನೆ ಬಂದೇ ಬರುತ್ತದೆ: ‘ಇದಕ್ಕೇನು ಹಾಕಿದ್ರಿ?’ ಉತ್ತರವೂ ನಿಗದಿಯಾದದ್ದೇ: ‘ಏನಿಲ್ಲ, ಬರೀ ಸಗಣಿ ಗೊಬ್ಬರ.’ ಕೇಳಿದವಳು ಅದನ್ನು ನಂಬುವುದಿಲ್ಲ. ನಂಬಲಿ ಎಂದು ಹೇಳಿದವಳೂ ಹೇಳಿರುವುದಿಲ್ಲ. ಮರುವರ್ಷ ಕೇಳಿದವಳ ಅಂಗಳದಲ್ಲಿ ಒಂದು ಬೆರಳು ಹೆಚ್ಚು ಅಗಲದ ಹೂ ಅರಳಿರುತ್ತದೆ. ಇದು ಪಂದ್ಯವೇ. ಮೇಜು, ನಿಯಮ, ತೀರ್ಪುಗಾರರು ಇಲ್ಲ, ಅಷ್ಟೇ.

ಆ ಮೇಜನ್ನು ಹಾಕುವ ಕಾಲ ಬಂದಿದೆ. ಅದು ಜಿಲ್ಲಾ ಕೇಂದ್ರದಲ್ಲಿ ಬೇಡ. ಸವಳಂಗದಂಥ ಊರಿನಲ್ಲಿ, ಒಬ್ಬರಿಗೊಬ್ಬರು ಗೊತ್ತಿರುವವರ ನಡುವೆ ಹಾಕಬೇಕು.

ಹೂವಿನ ಪ್ರದರ್ಶನಗಳಿಗೆ ರಾಜ್ಯದಲ್ಲಿ ಕೊರತೆ ಇದೆಯೇ ಎಂದು ಯಾರಾದರೂ ಕೇಳಬಹುದು. ಖಂಡಿತ ಇಲ್ಲ. ಶಿವಮೊಗ್ಗದಲ್ಲಿ ಗಣರಾಜ್ಯೋತ್ಸವದ ಹೊತ್ತಿಗೆ ತೋಟಗಾರಿಕೆ ಇಲಾಖೆಯೂ ಉದ್ಯಾನ ಕಲಾ ಸಂಘವೂ ಸೇರಿ ಫಲಪುಷ್ಪ ಪ್ರದರ್ಶನ ನಡೆಸುತ್ತವೆ. ದಾವಣಗೆರೆಯ ಕುಂದುವಾಡದಲ್ಲಿ ಲಾಲ್‌ಬಾಗಿನ ಮಾದರಿ ನೋಡಿ ಕಟ್ಟಿದ ದೊಡ್ಡ ಗಾಜಿನ ಮನೆಯೇ ಇದೆ. ಮೈಸೂರಿನಲ್ಲಿ ದಸರೆಗೆ ಕುಪ್ಪಣ್ಣ ಪಾರ್ಕ್ ಹೂವಿನಿಂದ ತುಂಬುತ್ತದೆ. ಇವಕ್ಕೆಲ್ಲ ಹಿರಿಯಣ್ಣ ಬೆಂಗಳೂರಿನ ಲಾಲ್‌ಬಾಗ್. ಅಲ್ಲಿ ಜನವರಿಗೊಂದು, ಆಗಸ್ಟ್‌ಗೊಂದು. 2025ರ ಜನವರಿಯದ್ದು 217ನೆಯ ಪ್ರದರ್ಶನವಾಗಿತ್ತು.

ಲಾಲ್‌ಬಾಗಿನ ಗಾಜಿನ ಮನೆ ಹುಟ್ಟಿದ್ದೇ ಇಂಥ ಪ್ರದರ್ಶನಗಳಿಗಾಗಿ. 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಇಟ್ಟಾಗ ತೋಟದ ಮೇಲ್ವಿಚಾರಕರಾಗಿದ್ದವರು ಜಾನ್ ಕ್ಯಾಮರಾನ್. ಅವರ ನಂತರ ಬಂದ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘವನ್ನು ಕಟ್ಟಿದರು. ಗಿಡ ಬೆಳೆಸುವ ಹವ್ಯಾಸವಿದ್ದವರು ಒಂದೆಡೆ ಸೇರಬೇಕು, ತಮ್ಮ ಕುಂಡವನ್ನು ಇನ್ನೊಬ್ಬರ ಕುಂಡದ ಪಕ್ಕ ಇಟ್ಟು ನೋಡಬೇಕು, ತಿಳಿದವರಿಂದ ತೀರ್ಪು ಪಡೆಯಬೇಕು ಎಂಬುದು ಇಂಥ ಸಂಘಗಳ ಹಳೆಯ ರೀತಿ. ಸಂಘ ಇಂದಿಗೂ ಮನೆತೋಟದ ಸ್ಪರ್ಧೆ ನಡೆಸುತ್ತದೆ. ಇಕೆಬಾನ, ಬೋನ್ಸಾಯ್, ತರಕಾರಿ ಕೆತ್ತನೆಗೂ ಬಹುಮಾನಗಳಿವೆ.

ಆದರೆ ಗೇಟಿನ ಹೊರಗೆ ಸಾಲು ನಿಲ್ಲುವ ಲಕ್ಷಗಟ್ಟಲೆ ಜನ ಬರುವುದು ಬೇರೆಯದಕ್ಕೆ. 2022ರ ಆಗಸ್ಟ್‌ನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್. 2023ರ ಆಗಸ್ಟ್‌ನಲ್ಲಿ ವಿಧಾನಸೌಧ ಮತ್ತು ಕೆಂಗಲ್ ಹನುಮಂತಯ್ಯ. 2024ರ ಜನವರಿಯಲ್ಲಿ ಬಸವಣ್ಣ, ಅದೇ ವರ್ಷದ ಆಗಸ್ಟ್‌ನಲ್ಲಿ ಅಂಬೇಡ್ಕರ್. 2025ರ ಜನವರಿಯಲ್ಲಿ ವಾಲ್ಮೀಕಿ. ನೆನೆಯಬೇಕಾದವರನ್ನು ನೆನೆಯುವುದರಲ್ಲಿ ತಪ್ಪೇನಿಲ್ಲ. ಆದರೆ ಕತ್ತರಿಸಿದ ಗುಲಾಬಿ, ಸೇವಂತಿಗೆಗಳನ್ನು ಚೌಕಟ್ಟಿಗೆ ಚುಚ್ಚಿ ಕಟ್ಟಡವನ್ನೋ ಪ್ರತಿಮೆಯನ್ನೋ ಎಬ್ಬಿಸಿದಾಗ ಹೂವು ಇಟ್ಟಿಗೆಯ ಕೆಲಸ ಮಾಡುತ್ತದೆ. ಮರುದಿನದ ಪತ್ರಿಕೆಯಲ್ಲಿ ಎಷ್ಟು ಲಕ್ಷ ಹೂ ಬಳಸಿದರು ಎಂಬುದಿರುತ್ತದೆ, ಯಾರು ಬೆಳೆದರು ಎಂಬುದಿರುವುದಿಲ್ಲ. ಜಿಲ್ಲೆಗಳ ಪ್ರದರ್ಶನಗಳು ಈ ಮೇಲ್ಪಂಕ್ತಿಯನ್ನೇ ಹಿಡಿದಿವೆ: ನಡುವೆ ಹೂವಿನದೊಂದು ಗುಡಿಯೋ ಆನೆಯೋ, ಅದರ ಮುಂದೆ ಸೆಲ್ಫಿ, ಪಕ್ಕದಲ್ಲಿ ಕಲ್ಲಂಗಡಿಯಲ್ಲಿ ಕೊರೆದ ಗಣ್ಯರ ಮುಖ, ಹಿಂದಿನ ಸಾಲಿನಲ್ಲಿ ಮಳಿಗೆಗಳು. ಸವಳಂಗದಿಂದ ಬಸ್ಸು ಹತ್ತಿ ಹೋದ ಹೆಂಗಸು ಅಲ್ಲಿ ಪ್ರೇಕ್ಷಕಿ. ಅವಳ ಹಿತ್ತಿಲ ಡೇರೆಗೆ ಅಲ್ಲಿ ಜಾಗವಿಲ್ಲ. ಜನವರಿಯಲ್ಲಿ ಅದು ಹೇಗೂ ಒಣಗಿ ಗೆಡ್ಡೆಯಾಗಿ ಮಣ್ಣಿನೊಳಗಿರುತ್ತದೆ.

ಬೆಳೆಸುವವರೇ ಮುಖ್ಯವಾಗಿರುವ ಪ್ರದರ್ಶನ ಹೇಗಿರುತ್ತದೆ ಎಂದು ತಿಳಿಯಲು ಸ್ವಲ್ಪ ದೂರ ಹೋಗಬೇಕು. ಕರ್ನಾಟಕದ ಎಷ್ಟೋ ತಲೆಮಾರುಗಳು ಕಣ್ಣಾರೆ ಕಾಣದೆಯೇ ಬಾಯಿಪಾಠ ಮಾಡಿದ ಹೂವೊಂದಿದೆ. ವರ್ಡ್ಸ್‌ವರ್ತ್ ಕೃಪೆಯಿಂದ ಇಂಗ್ಲಿಷ್ ಪಠ್ಯದಲ್ಲಿ ಬಂದು ಕೂತ ಡ್ಯಾಫೊಡಿಲ್. ಮೇಷ್ಟ್ರು ‘ಹಳದಿ ಹೂ’ ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಮಕ್ಕಳು ಹುಚ್ಚೆಳ್ಳಿನ ಹೊಲವನ್ನೋ ಸೂರ್ಯಕಾಂತಿಯನ್ನೋ ಕಲ್ಪಿಸಿಕೊಂಡು ಪರೀಕ್ಷೆ ಬರೆಯುತ್ತಿದ್ದರು. ಆ ಹೂವಿಗೆ ಇಂಗ್ಲೆಂಡಿನಲ್ಲಿ ಕವಿತೆಯಷ್ಟೇ ಗಟ್ಟಿಯಾದ ಇನ್ನೊಂದು ಬದುಕಿದೆ. ಅದು ಚರ್ಚಿನ ಪಕ್ಕದ ಸಭಾಂಗಣದಲ್ಲಿ, ಏಪ್ರಿಲ್ ತಿಂಗಳಲ್ಲಿ, ಉದ್ದ ಮೇಜುಗಳ ಮೇಲೆ ಕಾಣುತ್ತದೆ.

ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಡ್ಯಾಫೊಡಿಲ್‌ಗೆಂದೇ ಸಮ್ಮೇಳನ ಕರೆದದ್ದು 1884ರಲ್ಲಿ. 1898ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಿಡ್‌ಲ್ಯಾಂಡ್ ಡ್ಯಾಫೊಡಿಲ್ ಸೊಸೈಟಿ ಆರಂಭವಾಯಿತು; ಇಂದಿನ ಬ್ರಿಟನ್ನಿನ ಡ್ಯಾಫೊಡಿಲ್ ಸೊಸೈಟಿ ಅದೇ. ಅಮೆರಿಕದ ಸೊಸೈಟಿ 1954ರದು. ಇಂದು ದಾಖಲೆ ಪುಸ್ತಕದಲ್ಲಿ ಹೆಸರಿರುವ ಡ್ಯಾಫೊಡಿಲ್ ತಳಿಗಳು 30 ಸಾವಿರಕ್ಕೂ ಹೆಚ್ಚು. ಹೂವಿನ ನಡುವಿನ ಬಟ್ಟಲು ಎಷ್ಟು ಉದ್ದ, ದಳ ಒಂದು ಸುತ್ತೋ ಹಲವು ಸುತ್ತೋ, ಒಂದು ದಂಟಿಗೆ ಎಷ್ಟು ಹೂ ಎಂಬುದನ್ನೆಲ್ಲ ನೋಡಿ ಅವನ್ನು 13 ವಿಭಾಗಗಳಲ್ಲಿ ಹಂಚಿದ್ದಾರೆ. ಇಷ್ಟೊಂದು ತಳಿಗಳಲ್ಲಿ ಬಹಳಷ್ಟನ್ನು ಬೆಳೆಸಿದವರು ದೊಡ್ಡ ಕಂಪನಿಗಳವರಲ್ಲ. ಪಾದ್ರಿಗಳು, ಮೇಷ್ಟ್ರುಗಳು, ವೈದ್ಯರು, ನಿವೃತ್ತರು. ಹಳೆಯ ಕಾಲದ ದೊಡ್ಡ ಹೆಸರೇ ಜಾರ್ಜ್ ಎಂಗಲ್‌ಹಾರ್ಟ್ ಎಂಬ ಪಾದ್ರಿಯದು. ಅವರ ಹೆಸರಿನ ಕಪ್ ಗೆಲ್ಲಬೇಕಾದರೆ ಸ್ಪರ್ಧಿ ತಾನೇ ಬೀಜದಿಂದ ಹುಟ್ಟಿಸಿದ ಹನ್ನೆರಡು ತಳಿಗಳನ್ನು ಬಾಟಲಿಗಳಲ್ಲಿ ತಂದಿಡಬೇಕು. ಡ್ಯಾಫೊಡಿಲ್ ಬೀಜ ಹಾಕಿದರೆ ಮೊದಲ ಹೂ ಕಾಣಲು ಸುಮಾರು ಐದು ವರ್ಷ ಕಾಯಬೇಕು ಎಂಬುದನ್ನು ನೆನೆದರೆ, ಆ ಹನ್ನೆರಡು ಬಾಟಲಿಗಳ ಹಿಂದೆ ಎಷ್ಟು ವರ್ಷಗಳಿವೆ ಎಂದು ತಿಳಿಯುತ್ತದೆ.

ಈ ಪ್ರದರ್ಶನಗಳ ಸೊಗಸು ಇರುವುದು ಹಿಂದಿನ ರಾತ್ರಿಯಲ್ಲಿ. ಪ್ರದರ್ಶನದ ದಿನಾಂಕವನ್ನು ತಿಂಗಳುಗಟ್ಟಲೆ ಮೊದಲೇ ಗೊತ್ತುಮಾಡಿರುತ್ತಾರೆ. ಹೂವಿಗೆ ಆ ದಿನಾಂಕ ಗೊತ್ತಿರುವುದಿಲ್ಲ. ಬಿಸಿಲು ಬೇಗ ಏರಿದರೆ ಹೂ ಮೊದಲೇ ಅರಳಿ ಬಿಡುತ್ತದೆ. ಹಾಗಾಗಿ ಸ್ಪರ್ಧಿಗಳು ಅರೆಬಿರಿದ ದಂಟುಗಳನ್ನು ಕೊಯ್ದು ಫ್ರಿಜ್ಜಿನಲ್ಲಿ ನಿಲ್ಲಿಸುತ್ತಾರೆ. ಮನೆಯವರಿಗೆ ಆ ವಾರ ಹಾಲು, ತರಕಾರಿ ಇಡಲು ಜಾಗ ಸಿಗುವುದಿಲ್ಲ. ಸಭಾಂಗಣದಲ್ಲಿ ಸಣ್ಣ ಕುಂಚದಿಂದ ದಳದ ಮೇಲಿನ ಮಣ್ಣು ಒರೆಸುತ್ತಾರೆ. ಹೂವಿನ ಹೊರಸಾಲಿನ ಮೂರು ಎಸಳುಗಳಲ್ಲಿ ಒಂದು ಗಡಿಯಾರದ ಹನ್ನೆರಡರ ಮುಳ್ಳಿನಂತೆ ನೇರ ಮೇಲೆ ನಿಲ್ಲಬೇಕು. ದಂಟು ವಾಲದಂತೆ ಬಾಟಲಿಯ ಕತ್ತಿಗೆ ಪಾಚಿ ತುರುಕುತ್ತಾರೆ. ಒಂದೇ ತಳಿಯ ಮೂರು ಹೂಗಳ ವಿಭಾಗವಾದರೆ ಮೂರೂ ಅಚ್ಚು ಹೊಯ್ದಂತಿರಬೇಕು. ಎರಡು ಅದ್ಭುತವಾಗಿದ್ದು ಮೂರನೆಯದು ತುಸು ಚಿಕ್ಕದಾದರೂ ಬಹುಮಾನ ಪಕ್ಕದವರಿಗೆ.

ಅಂಕಗಳು ಗುಟ್ಟಿನವಲ್ಲ. ಅಮೆರಿಕದ ಸೊಸೈಟಿಯ ಪಟ್ಟಿಯಲ್ಲಿ ಹೂವಿನ ಸ್ಥಿತಿಗೆ 20, ಆಕಾರಕ್ಕೆ 20, ದಳದ ದಪ್ಪ ಮತ್ತು ನಯಕ್ಕೆ 15, ಬಣ್ಣಕ್ಕೆ 15, ಹೂ ಮುಖ ಎತ್ತಿ ನಿಂತ ಭಂಗಿಗೆ 10, ದಂಟಿಗೆ 10, ಗಾತ್ರಕ್ಕೆ 10. ಒಟ್ಟು ನೂರು. ಗಾತ್ರಕ್ಕಿರುವುದು ಹತ್ತೇ ಅಂಕ ಎಂಬುದನ್ನು ಗಮನಿಸಬೇಕು. ‘ಯಾರ ಹೂ ದೊಡ್ಡದು’ ಎಂಬ ಬೇಲಿಯ ಮೇಲಿನ ವಾದವನ್ನು ಈ ಪಟ್ಟಿ ‘ಯಾರ ಹೂ ಚೆನ್ನ’ ಎಂಬ ಕಡೆಗೆ ತಿರುಗಿಸುತ್ತದೆ, ಚೆನ್ನ ಎಂದರೆ ಏನು ಎಂದು ಎಲ್ಲರೂ ಒಪ್ಪಿದ ಮಾತಿನಲ್ಲಿ ಹೇಳುತ್ತದೆ.

ಹಳ್ಳಿಯ ಪ್ರದರ್ಶನಗಳಲ್ಲಿ ಸ್ಪರ್ಧಿಯ ಹೆಸರಿನ ಚೀಟಿಯನ್ನು ಬೋರಲು ಇಡುತ್ತಾರೆ. ತೀರ್ಪುಗಾರರು ಒಳಗಿರುವಾಗ ಸ್ಪರ್ಧಿಗಳು ಹೊರಗೆ ಚಹಾ ಕುಡಿಯುತ್ತಿರಬೇಕು. ‘ಮೂರು ಹೂ’ ಎಂದಿರುವಲ್ಲಿ ನಾಲ್ಕಿಟ್ಟರೆ ಹೂ ಎಷ್ಟೇ ಚೆಂದವಿರಲಿ, ನಿಯಮದಂತಿಲ್ಲ ಎಂದು ಬರೆದು ಮುಂದೆ ಹೋಗುತ್ತಾರೆ. ಹೊಸಬರಿಗೆ ಪ್ರತ್ಯೇಕ ವಿಭಾಗ; ಅಲ್ಲಿ ಗೆದ್ದವರು ಮುಂದಿನ ಸಲ ಹಳಬರ ಜೊತೆ ಸೆಣಸಬೇಕು. ಬಾಗಿಲು ತೆರೆದ ಕೂಡಲೇ ಎಲ್ಲರೂ ನುಗ್ಗುವುದು ತಮ್ಮ ಹೂವಿನ ಕಡೆಗಲ್ಲ, ಗೆಳೆಯನ ಹೂವಿನ ಕಡೆಗೆ. ಸೋತವನು ಗೆದ್ದವನ ಹತ್ತಿರ ಮೊದಲು ಅಭಿನಂದನೆ ಹೇಳುತ್ತಾನೆ, ಎರಡನೆಯ ಮಾತಿನಲ್ಲೇ ಒಂದು ಗೆಡ್ಡೆ ಕೇಳುತ್ತಾನೆ. ಇಡೀ ವ್ಯವಸ್ಥೆಯ ಜೀವ ಆ ಎರಡನೆಯ ಮಾತಿನಲ್ಲಿದೆ.

ಇದು ಸಿರಿವಂತರ ಚಪಲ ಎಂದು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ಹೂವಿನ ಪಂದ್ಯಗಳ ಬೇರು ಹದಿನೆಂಟನೆಯ ಶತಮಾನದ ಕುಶಲಕರ್ಮಿಗಳಲ್ಲಿದೆ. ಮಗ್ಗದ ಮುಂದೆ ಕೂತ ನೇಕಾರರು ಆರಿಕ್ಯುಲಾ, ಪಿಂಕ್ ಎಂಬ ಪುಟ್ಟ ಹೂಗಳನ್ನು ಬೆಳೆಸಿ ಹೆಂಡದಂಗಡಿಗಳ ಹಜಾರದಲ್ಲಿ ಸೆಣಸುತ್ತಿದ್ದರು. ಗೆದ್ದವನಿಗೆ ತಾಮ್ರದ ಕೆಟಲ್. ಈಶಾನ್ಯ ಇಂಗ್ಲೆಂಡಿನ ಗಣಿ ಕಾರ್ಮಿಕರು ಲೀಕ್ ಎಂಬ ಈರುಳ್ಳಿ ಜಾತಿಯ ತರಕಾರಿಯಲ್ಲಿ ಪಂದ್ಯ ಕಟ್ಟಿದರು. ಯಾರ್ಕ್‌ಷೈರ್‌ನ ಎಗ್ಟನ್ ಬ್ರಿಜ್ ಎಂಬ ಹಳ್ಳಿಯಲ್ಲಿ 1800ರಿಂದ ನೆಲ್ಲಿಕಾಯಿಯಷ್ಟಿರುವ ಗೂಸ್‌ಬೆರಿಯ ಪಂದ್ಯ ನಡೆಯುತ್ತಿದೆ. ಒಂದೇ ಒಂದು ಹಣ್ಣನ್ನು ತಕ್ಕಡಿಗೆ ಹಾಕುತ್ತಾರೆ. 2019ರಲ್ಲಿ ಅಲ್ಲಿ 64.83 ಗ್ರಾಂ ತೂಗಿದ ಹಣ್ಣು ವಿಶ್ವದಾಖಲೆ ಮಾಡಿತು. ಹಳ್ಳಿ ಸಣ್ಣದು, ಸರ್ಕಾರದ ಅನುದಾನ ಇಲ್ಲ, ಯಾವ ಮಹಾಪುರುಷರ ವಿಷಯಾಧಾರಿತ ಪ್ರತಿಕೃತಿಯೂ ಇಲ್ಲ. ಎರಡು ಶತಮಾನ ಅದನ್ನು ನಡೆಸಿದ್ದು ‘ಈ ಸಲ ಅವನನ್ನು ಮೀರಿಸಬೇಕು’ ಎಂಬ ಹಟ.

ಡ್ಯಾಫೊಡಿಲ್ ಅನ್ನು ಸವಳಂಗಕ್ಕೆ ತರಲಾಗದು. ಅದರ ಗೆಡ್ಡೆ ಮಣ್ಣಿನೊಳಗೆ 12ರಿಂದ 16 ವಾರ ಗಡಗಡ ನಡುಗಬೇಕು; ಇಲ್ಲಿಯ ಮಾಗಿ ಅದಕ್ಕೆ ಬೇಸಿಗೆ. ಆದರೆ ಅದರ ದಾಯಾದಿಗಳು ಇಲ್ಲಿ ಬೇಕಾದಷ್ಟಿವೆ. ಯುಗಾದಿಯ ನಂತರ ಕುಂಡಗಳಲ್ಲಿ ಕೆಂಪು ತುತ್ತೂರಿಯಂತೆ ಅರಳುವ ಹಿಪ್ಪಿಯಾಸ್ಟ್ರಮ್, ಮೊದಲ ಮಳೆಗೆ ನೆಲದಿಂದ ಚೆಂಡಿನಂತೆ ಏಳುವ ಮೇ ಫ್ಲವರ್, ಮಳೆ ಬಿದ್ದ ಮೂರ್ನಾಲ್ಕು ದಿನಕ್ಕೆ ಅಂಗಳದಂಚಿನಲ್ಲಿ ಇಣುಕುವ ರೈನ್ ಲಿಲ್ಲಿ ಎಲ್ಲವೂ ಅಮರಿಲ್ಲಿಡೇಸಿ ಕುಟುಂಬದವು, ಡ್ಯಾಫೊಡಿಲ್‌ನ ಕುಟುಂಬದವು. ಇನ್ನೂ ಸ್ವಾರಸ್ಯದ್ದೆಂದರೆ ಜಗಳೂರಿನ ಹೊಲಗಳಲ್ಲಿ ಬೆಳೆಯುವ ಈರುಳ್ಳಿಯನ್ನೂ ಸಸ್ಯಶಾಸ್ತ್ರಜ್ಞರು ಇದೇ ಕುಟುಂಬಕ್ಕೆ ಸೇರಿಸಿದ್ದಾರೆ. ಡ್ಯಾಫೊಡಿಲ್ ಗೆಡ್ಡೆಯನ್ನು ಈರುಳ್ಳಿ ಎಂದು ತಿಳಿದು ತಿಂದು ವಾಂತಿ ಮಾಡಿಕೊಂಡವರ ಕಥೆ ಯುರೋಪಿನಲ್ಲಿ ಹೊಸದಲ್ಲ. ಅದರಲ್ಲಿರುವ ಲೈಕೊರಿನ್ ವಿಷ. ಜಗಳೂರಿನ ರೈತ ಲಾರಿಗೆ ತುಂಬುವ ಬೆಳೆಯೂ ಬರ್ಮಿಂಗ್‌ಹ್ಯಾಮ್‌ನ ಪಾದ್ರಿ ಬಾಟಲಿಯಲ್ಲಿ ನಿಲ್ಲಿಸುವ ಹೂವೂ ದೂರದ ನೆಂಟರು.

ಆದರೂ ಪಂದ್ಯಕ್ಕೆ ಕಟ್ಟಬಹುದಾದ ಕುದುರೆ ಡೇರೆಯೇ. ಮೂಲ ಮೆಕ್ಸಿಕೊ, ಅಲ್ಲಿಂದ ಹದಿನೆಂಟನೆಯ ಶತಮಾನದ ಕೊನೆಗೆ ಸ್ಪೇನಿನ ಮ್ಯಾಡ್ರಿಡ್‌ಗೆ ಬಂದು, ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಆಂಡರ್ಸ್ ಡಾಲ್ ಅವರ ಹೆಸರು ಹೊತ್ತು ಡಾಲಿಯಾ ಆಯಿತು. ಮಲೆನಾಡಿಗೆ ಬಂದು ಡೇರೆಯಾಗಿ, ಹೆಂಗಸರ ಹೆರಳಿಗೇರಿ, ಇಲ್ಲಿಯದೇ ಎನ್ನುವಷ್ಟು ಒಗ್ಗಿಕೊಂಡಿತು. ಡ್ಯಾಫೊಡಿಲ್ ಬೆಳೆಸುವವರು ಹೊಟ್ಟೆಕಿಚ್ಚುಪಡಬೇಕಾದ ಗುಣವೊಂದು ಅದಕ್ಕಿದೆ. ಅದರ ಜೀವಕೋಶದಲ್ಲಿ ವರ್ಣತಂತುಗಳ ಎಂಟು ಕಟ್ಟುಗಳಿರುವುದರಿಂದ ಬೀಜದಿಂದ ಬಂದ ಗಿಡ ತಾಯಿಯನ್ನು ಹೋಲುವುದೇ ಅಪರೂಪ. ಬಿತ್ತಿದ ಅದೇ ಮಳೆಗಾಲದಲ್ಲಿ ಹೂವೂ ಬಿಡುತ್ತದೆ. ಎಂಗಲ್‌ಹಾರ್ಟ್ ಪಾದ್ರಿ ಐದು ವರ್ಷ ಕಾದು ನೋಡುತ್ತಿದ್ದ ಹೊಸ ಮುಖವನ್ನು ಸವಳಂಗದ ಗೃಹಿಣಿ ನಾಲ್ಕೈದು ತಿಂಗಳಲ್ಲಿ ನೋಡಬಹುದು. ಹೊಸ ತಳಿ ಹುಟ್ಟಿಸಿದವರಿಗೊಂದು ವಿಭಾಗ ಇಟ್ಟರೆ ಸಾಕು, ಒಣಗಿದ ಹೂ ಕಿತ್ತೆಸೆಯುವ ಬದಲು ಬೀಜ ಕಟ್ಟಲು ಬಿಡುವವರು ಹೆಚ್ಚುತ್ತಾರೆ.

ಗೆಳತಿಯರ ಪೈಪೋಟಿಗೆ ಇನ್ನೊಂದು ಉಪಯೋಗವಿದೆ. ಮಲೆನಾಡಿನ ಹಳಬರಿಗೆ ಅದು ಚೆನ್ನಾಗಿ ಗೊತ್ತು. ಡೇರೆ ಗೆಡ್ಡೆ ಕೊಳೆಯುತ್ತದೆ. ಒಂದು ಮಳೆಗಾಲ ಜೋರಾದರೆ, ಒಂದು ಹೆಗ್ಗಣ ಒಳಹೊಕ್ಕರೆ, ಬೇಸಿಗೆಯಲ್ಲಿ ಇಟ್ಟ ಜಾಗ ತೀರ ಒಣಗಿದರೆ, ಹತ್ತು ವರ್ಷ ಕಾಪಾಡಿದ ಬಣ್ಣ ಹೋಯಿತೆಂದೇ ಲೆಕ್ಕ. ಆಗ ನೆನಪಾಗುವುದು ಹಿಂದಿನ ವರ್ಷ ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟ ಗೆಡ್ಡೆ. ಎದುರಾಳಿಯ ಹಿತ್ತಿಲೇ ಆಗ ಬೀಜದ ಉಗ್ರಾಣ. ಶಿರಸಿಯಲ್ಲಿ ಸುನೀತಾ ರಾವ್ ಅವರು ಕಟ್ಟಿದ ‘ವನಸ್ತ್ರೀ’ ಎಂಬ ಬೀಜ ಸಂರಕ್ಷಕರ ಬಳಗ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಈ ತಿಳಿವಳಿಕೆಯನ್ನೇ ಸಂಘಟನೆಯಾಗಿ ಬೆಳೆಸಿದೆ. ಅವರ ಮಲೆನಾಡ ಮೇಳದಲ್ಲಿ ಹೆಂಗಸರು ಬೀಜ, ಗೆಡ್ಡೆ, ಸಸಿಗಳನ್ನು ತಂದು ಮಾರುತ್ತಾರೆ, ಅದಲು ಬದಲು ಮಾಡುತ್ತಾರೆ. ಹಿತ್ತಿಲನ್ನು ಸಾರ್ವಜನಿಕ ವಿಷಯವನ್ನಾಗಿ ಮಾಡಿದ ಶ್ರೇಯಸ್ಸು ಅಂಥ ಕೂಟಗಳದು. ಸವಳಂಗದ ಪಂದ್ಯ ಅದಕ್ಕೆ ಅಂಕಪಟ್ಟಿಯನ್ನು ಸೇರಿಸಬೇಕು.

ಅಂಕ ಬಂದರೆ ಸ್ನೇಹ ಕೆಡುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ರಂಗೋಲಿ ಸ್ಪರ್ಧೆಯ ತೀರ್ಪಿನ ಮೇಲೆ ಮಾತು ಬಿಟ್ಟ ಓರಗಿತ್ತಿಯರು ಯಾವ ಊರಿನಲ್ಲಿಲ್ಲ? ಇಂಗ್ಲೆಂಡಿನಲ್ಲೂ ಪ್ರದರ್ಶನದ ಮುಂಚಿನ ರಾತ್ರಿ ಎದುರಾಳಿಯ ಲೀಕ್ ಮಡಿಗೆ ಕತ್ತಿ ಹಾಕಿದವರಿದ್ದರು. ಕೆಲವರು ತರಕಾರಿ ಕಾಯುತ್ತ ತೋಟದಲ್ಲೇ ಮಲಗುತ್ತಿದ್ದರು. ಆದರೆ ಕಹಿ ಹುಟ್ಟುವುದು ಸೋಲಿನಿಂದಲ್ಲ, ಕಾರಣ ಗೊತ್ತಾಗದ ಸೋಲಿನಿಂದ. ನಮ್ಮ ಸ್ಪರ್ಧೆಗಳಲ್ಲಿ ಪ್ರಥಮ, ದ್ವಿತೀಯ, ತೃತೀಯ ಎಂದು ಮೈಕಿನಲ್ಲಿ ಕೂಗಿ ಮುಗಿಸುತ್ತಾರೆ. ದಂಟು ಸೊಟ್ಟಗಿತ್ತು, ಕೆಳಗಿನ ದಳ ಬಾಡಿತ್ತು, ಮೂರರಲ್ಲಿ ಒಂದು ಬೇರೆ ಛಾಯೆಯದಾಗಿತ್ತು ಎಂದು ಚೀಟಿಯ ಹಿಂದೆ ಬರೆದುಕೊಟ್ಟರೆ ಸೋತವಳಿಗೆ ಮುಂದಿನ ವರ್ಷದ ಕೆಲಸ ಗೊತ್ತಾಗುತ್ತದೆ. ತೀರ್ಪುಗಾರ ಯಾರ ನೆಂಟ ಎಂಬ ಗುಸುಗುಸುಗೆ ಎಡೆ ಕಡಿಮೆಯಾಗುತ್ತದೆ.

ಹಣವಿದ್ದವರೇ ಗೆಲ್ಲುತ್ತಾರೆ ಎಂಬುದು ಎರಡನೆಯ ಆಕ್ಷೇಪ. ಇಡೀ ತೋಟಕ್ಕೆ ಬಹುಮಾನ ಕೊಡುವ ಸ್ಪರ್ಧೆಯಲ್ಲಿ ಅದು ನಿಜ. ಹುಲ್ಲುಹಾಸು, ಕಾರಂಜಿ, ಮಾಲಿ ಇರುವ ಬಂಗಲೆಗೂ ಎರಡು ಒಡೆದ ಬಕೆಟ್ಟಿನಲ್ಲಿ ಸೇವಂತಿಗೆ ಬೆಳೆದವಳಿಗೂ ಯಾವ ಪೈಪೋಟಿ? ಮೇಜಿನ ಮೇಲಿನ ಪಂದ್ಯದಲ್ಲಿ ಆ ಅಂತರ ಕುಗ್ಗುತ್ತದೆ. ಒಂದು ಬಾಟಲಿ, ಒಂದು ದಂಟು. ಬಂಗಲೆಯವರಿಗೂ ಗುಡಿಸಲಿನವರಿಗೂ ಮೇಜಿನ ಮೇಲೆ ಸಿಗುವುದು ಒಂದೇ ಗೇಣು ಜಾಗ. ಪೇಟೆಯಿಂದ ಕೊಂಡು ತಂದು ಇಡುವವರನ್ನು ಹಿಡಿಯುವುದು ದೊಡ್ಡ ನಗರದಲ್ಲಿ ಕಷ್ಟ, ಸವಳಂಗದಲ್ಲಿ ಸುಲಭ. ಯಾರ ಹಿತ್ತಿಲಲ್ಲಿ ಏನಿದೆ ಎಂದು ಊರಿಗೇ ಗೊತ್ತು.

ಈ ಸೀಮೆಗೆ ಪಂದ್ಯದ ಹುಚ್ಚನ್ನು ಹೊರಗಿನವರು ಕಲಿಸಬೇಕಾಗಿಲ್ಲ. ದೀಪಾವಳಿ ಕಳೆದ ಮೇಲೆ ಶಿಕಾರಿಪುರ, ಹೊನ್ನಾಳಿ, ನ್ಯಾಮತಿ, ಅತ್ತ ಹಾವೇರಿಯವರೆಗೆ ಹೋರಿ ಬೆದರಿಸುವ ಹಬ್ಬಗಳ ಸಾಲು. ಒಂದೊಂದು ಹೋರಿಗೂ ಸಿನಿಮಾ ನಟರಿಗಿರುವಂತೆ ಬಿರುದು, ಅಭಿಮಾನಿಗಳು. ಮೈತುಂಬ ಕೊಬ್ಬರಿ ಸರ, ಬಲೂನು, ಬಣ್ಣದ ರಿಬ್ಬನ್ನು. ಕೊಬ್ಬರಿ ಹರಿಯಲು ನುಗ್ಗುವ ಹುಡುಗರಲ್ಲಿ ಪೆಟ್ಟು ತಿಂದವರ, ಜೀವ ಕಳೆದುಕೊಂಡವರ ಸುದ್ದಿಯೂ ಬರುತ್ತಿರುತ್ತದೆ. ಅತ್ತ ಫೆಬ್ರುವರಿಯಲ್ಲಿ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಗೆ ಹಲವು ರಾಜ್ಯಗಳಿಂದ ಬಂಜಾರರು ಹರಿದು ಬರುತ್ತಾರೆ. ಜನ ಸೇರಿಸುವುದು, ಪೆಂಡಾಲ್ ಹಾಕುವುದು, ಊಟ ಹಾಕುವುದು ಇಲ್ಲಿಯವರಿಗೆ ನೀರು ಕುಡಿದಷ್ಟು ಸಲೀಸು. ಕೊರತೆಯಿರುವುದು ಹೆಂಗಸರು ತಮ್ಮ ಕೈಯ ಕಸುಬಿನ ಬಲದಿಂದ ಊರಿನೆದುರು ಗೆಲ್ಲುವ ಪಂದ್ಯಗಳದ್ದು. ಸಂಕ್ರಾಂತಿಯ ರಂಗೋಲಿ, ಸಂಘದ ವಾರ್ಷಿಕೋತ್ಸವದ ಕುರ್ಚಿ ಆಟ, ಅಲ್ಲಿಗೆ ಪಟ್ಟಿ ಮುಗಿಯುತ್ತದೆ.

ಹಾಗಾದರೆ ಪಂದ್ಯ ಹೇಗಿರಬೇಕು? ಚೌತಿಗೂ ದಸರೆಗೂ ನಡುವಿನ ಒಂದು ಭಾನುವಾರ ಸಾಕು. ಆಗ ಡೇರೆ ತುಂಬಿರುತ್ತದೆ, ಚೆಂಡು ಹೂ ಇರುತ್ತದೆ, ಮುಂಗಾರಿನ ಈರುಳ್ಳಿಯೂ ಕೀಳಲು ಬಂದಿರುತ್ತದೆ. ಜಾಗಕ್ಕೆ ಸಮುದಾಯ ಭವನವೋ ಶಾಲೆಯ ಹಜಾರವೋ. ಬಾಟಲಿಗಳನ್ನು ಪಂಚಾಯಿತಿ ಕೊಡಬೇಕು, ಎಲ್ಲವೂ ಒಂದೇ ಅಳತೆಯವು. ವಿಭಾಗ ಹತ್ತು ಮೀರಬಾರದು: ಒಂದೇ ದೊಡ್ಡ ಡೇರೆ; ಒಂದೇ ಬಣ್ಣದ ಮೂರು ಡೇರೆ; ಬೀಜದಿಂದ ಹುಟ್ಟಿಸಿದ ಹೊಸ ಡೇರೆ; ನಾಟಿ ಗುಲಾಬಿ; ಚೆಂಡು ಹೂವಿನ ಐದು ದಂಟು; ಸ್ವಂತ ಹಿತ್ತಿಲ ಹೂವಿನಿಂದ ಕಟ್ಟಿದ ಒಂದು ಮಾರು ದಂಡೆ; ತೂಕಕ್ಕಿಂತ ಹೋಲಿಕೆ ನೋಡುವ ಐದು ಈರುಳ್ಳಿ; ಶಾಲಾ ಮಕ್ಕಳು ಬೀಜ ಹಾಕಿ ಬೆಳೆಸಿದ ಒಂದು ಕುಂಡ; ಮೊದಲ ಸಲ ಬಂದವರದೇ ಒಂದು ಸಾಲು. ಗಂಡಸರಿಗೆ ತಡೆಯಿಲ್ಲ. ಆದರೆ ಹೆಂಡತಿ ಬೆಳೆದ ಹೂವಿಗೆ ಗಂಡನ ಹೆಸರು ಬರೆಸಿದರೆ ಆ ಚೀಟಿಯ ಮೇಲೂ ‘ನಿಯಮದಂತಿಲ್ಲ’.

ತೀರ್ಪುಗಾರರನ್ನು ದೂರದಿಂದ ಕರೆಸಬೇಕಾಗಿಲ್ಲ. ಇದೇ ಸವಳಂಗ ರಸ್ತೆಯ ಇನ್ನೊಂದು ತುದಿಯ ನವುಲೆಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜಿದೆ. ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ. ಡಾ. ಎಂ.ಎಚ್. ಮರಿಗೌಡರ ಕಾಲದಲ್ಲಿ ರಾಜ್ಯದುದ್ದಕ್ಕೂ ತೋಟಗಾರಿಕೆ ಫಾರಂಗಳನ್ನು, ಸಸ್ಯಕ್ಷೇತ್ರಗಳನ್ನು ತೆರೆದ ಉದ್ದೇಶವೇ ಇಲಾಖೆ ಹಳ್ಳಿಯವರಿಗೆ ಕೈಗೆಟುಕಬೇಕು ಎಂಬುದು. ವರ್ಷಕ್ಕೊಂದು ದಿನ ಒಬ್ಬ ಅಧಿಕಾರಿ, ಇಬ್ಬರು ವಿದ್ಯಾರ್ಥಿಗಳು ಬಂದು ಅಂಕ ಹಾಕಿ, ಮಧ್ಯಾಹ್ನ ಗೊಬ್ಬರ, ಗೆಡ್ಡೆ ಕೊಳೆ, ಹೇನುಗಳ ಬಗ್ಗೆ ಒಂದು ಗಂಟೆ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಅದಕ್ಕಿಂತ ಒಳ್ಳೆಯ ತರಬೇತಿ ಶಿಬಿರ ಇರಲಾರದು. ಸೋತ ಮೇಲೆ ಕೇಳುವ ಕಿವಿ ಬಹಳ ಚುರುಕಾಗಿರುತ್ತದೆ.

ವೇದಿಕೆ ಮಾತ್ರ ಬೇಡ. ಇಪ್ಪತ್ತು ಕುರ್ಚಿ, ಇಪ್ಪತ್ತು ಶಾಲು, ಇಪ್ಪತ್ತು ಹಾರ, ಉದ್ಘಾಟಕರು ಬರುವವರೆಗೆ ಬಾಡುತ್ತ ನಿಂತ ಹೂ. ಇದು ಎಲ್ಲರೂ ಕಂಡ ದೃಶ್ಯ. ಬಹುಮಾನವಾಗಿ ಪ್ಲಾಸ್ಟಿಕ್ ಫಲಕದ ಬದಲು ಆ ನೇಕಾರರ ಕೆಟಲಿನ ನಮ್ಮ ರೂಪವಾದ ಒಂದು ತಾಮ್ರದ ತಂಬಿಗೆ ಇಡಬಹುದು, ವರ್ಷದ ಮಟ್ಟಿಗೆ ಗೆದ್ದವರ ಮನೆಯಲ್ಲಿದ್ದು ಮುಂದಿನ ಪಂದ್ಯಕ್ಕೆ ಬೆಳಗಿ ತಂದುಕೊಡುವಂಥದ್ದು. ಅದನ್ನು ಬೆಳಗುವಾಗಲೆಲ್ಲ ಮನೆಯವರಿಗೆ ಗೆದ್ದದ್ದು ನೆನಪಾಗುತ್ತದೆ. ಎದುರು ಮನೆಯವರಿಗೆ ಕಾಣುವಂತೆ ಕಟ್ಟೆಯ ಮೇಲೆ ಒಣಗಿಸಲೂ ಬಹುದು.

ಸವಳಂಗದಲ್ಲಿ ಇದು ನಡೆದರೆ ಹೊನ್ನಾಳಿ, ಚನ್ನಗಿರಿ, ಜಗಳೂರು ತಮ್ಮ ತಮ್ಮ ಮಣ್ಣಿಗೆ ತಕ್ಕಂತೆ ಪಟ್ಟಿ ಬದಲಾಯಿಸಿಕೊಳ್ಳಬಹುದು. ಮಳೆ ಕಡಿಮೆಯ ಜಗಳೂರಿನಲ್ಲಿ ಡೇರೆಯ ಬದಲು ಕನಕಾಂಬರ ಮೊದಲ ಸಾಲಿಗೆ ಬರಬೇಕು, ಈರುಳ್ಳಿ ನಡುಮೇಜಿಗೆ. ನಾಲ್ಕು ತಾಲ್ಲೂಕುಗಳಲ್ಲಿ ಗೆದ್ದವರ ಹೂಗಳಿಗೆ ಕುಂದುವಾಡದ ಗಾಜಿನ ಮನೆಯಲ್ಲಿ ಒಂದು ಸಾಲು ಮೇಜು ಕೊಟ್ಟರೆ, ಅಲ್ಲಿಯ ಪ್ರದರ್ಶನಕ್ಕೂ ಬೆಳೆದವರ ಹೆಸರುಗಳು ಸೇರುತ್ತವೆ. ಹೂವಿನ ಆನೆ ಬೇಕಾದರೆ ಪಕ್ಕದಲ್ಲಿರಲಿ.

ಮಾಡುವುದಾದರೆ ತಡಮಾಡುವಂತಿಲ್ಲ. ಡೇರೆ ಗೆಡ್ಡೆ ಮೇ ಕೊನೆ, ಜೂನ್ ಮೊದಲ ವಾರದ ಮಳೆಗೆ ನೆಲಕ್ಕಿಳಿಯಬೇಕು. ಆದ್ದರಿಂದ ವಿಭಾಗಗಳ ಪಟ್ಟಿಯೂ ಅಂಕಗಳ ಪಟ್ಟಿಯೂ ಏಪ್ರಿಲ್ ಒಳಗೆ ಪಂಚಾಯಿತಿಯ ಗೋಡೆಗೆ, ಹಾಲಿನ ಡೇರಿಗೆ, ಅಂಗನವಾಡಿಗೆ ಅಂಟಿರಬೇಕು. ಗೆಡ್ಡೆ ಇಲ್ಲದವರಿಗೆ ಸ್ವಸಹಾಯ ಸಂಘಗಳ ಮೂಲಕ ಮನೆಗೆರಡರಂತೆ ಹಂಚಬೇಕು. ಮೊದಲ ವರ್ಷ ಜಗಳ ಆಗುತ್ತದೆ: ದೊಡ್ಡ ಡೇರೆ ಎಂದರೆ ಎಷ್ಟು ಅಂಗುಲ, ತಾಯಿಮನೆಯಲ್ಲಿ ಬೆಳೆದದ್ದು ಸ್ವಂತದ್ದೇ, ದಂಡೆಗೆ ಪಕ್ಕದ ಮನೆಯ ಪಚ್ಚೆತೆನೆ ಸೇರಿಸಬಹುದೇ. ಆ ಜಗಳಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟು, ಯುಗಾದಿಯ ನಂತರ ಒಂದು ಸಭೆ ಕರೆದು, ಎರಡನೆಯ ವರ್ಷದ ನಿಯಮಗಳನ್ನು ಸೋತವರಿಂದಲೇ ಬರೆಸಬೇಕು.